ಗಡಿ ದಾಟುವ ರುಜು

ಆಂಧ್ರದ ಒಬ್ಬ ತಹಶೀಲ್ದಾರರು ಕೊಟ್ಟ ಕಾಗದ ಕರ್ನಾಟಕದ ಯಾವುದೋ ಕಚೇರಿಯ ಮೇಜಿಗೆ ಬಂದಾಗ ಅದು ಅಸಲಿಯೋ ನಕಲಿಯೋ ಎಂದು ಮೇಜಿನಾಚೆ ಕುಳಿತವರು ತಿಳಿಯುವುದು ಹೇಗೆ? ರಾಯದುರ್ಗ, ಮಡಕಶಿರಗಳ ಕನ್ನಡಿಗರಿಗೆ ಇದು ವರ್ಷವರ್ಷವೂ ಎದುರಾಗುವ ಪ್ರಶ್ನೆ. ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಅಂದು ಜಿಲ್ಲೆ ಒಡೆದಾಗ ಆದವಾನಿ, ಆಲೂರುಗಳ ಜೊತೆ ಆಂಧ್ರಕ್ಕೆ ಹೋಯಿತು. ಮಡಕಶಿರವನ್ನು ಪಾವಗಡ, ಶಿರಾ, ಮಧುಗಿರಿ, ಗೌರಿಬಿದನೂರು ತಾಲ್ಲೂಕುಗಳು ಮೂರು ಕಡೆಯಿಂದ ಸುತ್ತಿಕೊಂಡಿವೆ. 2022ರ ಏಪ್ರಿಲ್‌ನಲ್ಲಿ ಅದು ಅನಂತಪುರ ಜಿಲ್ಲೆಯಿಂದಲೂ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹೊಲ ಈಚೆ, ನೆಂಟಸ್ತಿಕೆ ಆಚೆ, ಮಕ್ಕಳ ಕಾಲೇಜು ಇನ್ನೂ ಆಚೆ ಇರುವ ಸೀಮೆ ಇದು. ಹೊಲದ ದಾಖಲೆಗೆ ಈಚೆ ಅಡಂಗಲ್, ಒನ್-ಬಿ, ಆಚೆ ಪಹಣಿ. ಪ್ರಮಾಣಪತ್ರ ಪಡೆಯಲು ಈಚೆ ಮೀಸೇವಾ, ಆಚೆ ನಾಡಕಚೇರಿ. ಕರ್ನಾಟಕದ ಸಿಇಟಿ ಅರ್ಹತಾ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆಂದು ಇರುವ ಕಲಮಿನಲ್ಲಿ ಆದವಾನಿ, ಆಲೂರು, ರಾಯದುರ್ಗ, ಮಡಕಶಿರ ಎಂಬ ನಾಲ್ಕು ತಾಲ್ಲೂಕುಗಳ ಹೆಸರುಗಳೇ ಇವೆ. ಆ ಕಲಮಿನಡಿ ಸೀಟು ಕೇಳುವವರು ತೋರಿಸಬೇಕಾದ ಕಂದಾಯ ಇಲಾಖೆಯ ಕಾಗದ ಆಂಧ್ರದ್ದು, ನೋಡಬೇಕಾದವರು ಕರ್ನಾಟಕದವರು. ಕರ್ನಾಟಕದ ವಿದ್ಯಾರ್ಥಿ ತನ್ನ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಿದರೆ ಸಾಕು, ಗಣಕಯಂತ್ರ ನಾಡಕಚೇರಿಯ ದತ್ತಾಂಶದಲ್ಲಿ ಅದನ್ನು ಹುಡುಕಿಕೊಳ್ಳುತ್ತದೆ. ಮಡಕಶಿರದ ವಿದ್ಯಾರ್ಥಿಯ ಕಾಗದಕ್ಕೆ ಆರ್‌ಡಿ ಸಂಖ್ಯೆ ಎಲ್ಲಿಂದ ಬರಬೇಕು?

ಈ ತೊಡಕಿಗೆ ಮದ್ದು ಹೊಸದಾಗಿ ಅರೆಯಬೇಕಿಲ್ಲ. ಅದು ಆ ಕಾಗದದೊಳಗೇ ಇದೆ, ನಾವು ತೆರೆದು ನೋಡುತ್ತಿಲ್ಲ ಎಂಬುದು ಈ ಬರಹದ ವಾದ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಅಕ್ಟೋಬರ್ 17ರಂದು ಜಾರಿಗೆ ಬಂತು. ಅದರ 3ನೇ ಸೆಕ್ಷನ್ ಡಿಜಿಟಲ್ ಸಹಿ ಎಂದರೇನು ಎಂದು ಹೇಳಿತು, 5ನೆಯದು ಶಾಯಿಯ ರುಜುವಿಗೆ ಇರುವ ಮಾನ್ಯತೆಯನ್ನು ಅದಕ್ಕೂ ಕೊಟ್ಟಿತು. ಸಹಿ ಯಾರದೆಂದು ದೃಢಪಡಿಸುವ ಸಂಸ್ಥೆಗಳಿಗೆ ಪರವಾನಗಿ ಕೊಡಲು ದೆಹಲಿಯಲ್ಲಿ ಒಬ್ಬ ನಿಯಂತ್ರಕರು ನೇಮಕವಾದರು. ಇಂಗ್ಲಿಷ್ ಅಕ್ಷರಗಳಲ್ಲಿ ಆ ಕಚೇರಿಗೆ ಸಿಸಿಎ ಎಂಬ ಚುಟುಕು ಹೆಸರು. ಬೆಂಗಳೂರಿನ ಇಮುದ್ರಾ, ಅಹಮದಾಬಾದಿನ ಎನ್‌ಕೋಡ್, ಸರ್ಕಾರದ್ದೇ ಆದ ಸಿ-ಡ್ಯಾಕ್ ಮೊದಲಾದವು ಆ ಪರವಾನಗಿ ಪಡೆದವು. ರಾಯದುರ್ಗದ ತಹಶೀಲ್ದಾರರ ಸಹಿಗೆ ಜಾಮೀನು ನಿಲ್ಲುವುದು ಇಂಥ ಒಂದು ಸಂಸ್ಥೆ; ಬಳ್ಳಾರಿಯ ತಹಶೀಲ್ದಾರರ ಸಹಿಗೆ ಇನ್ನೊಂದು ಇರಬಹುದು. ಆದರೆ ಆ ಎರಡೂ ಸಂಸ್ಥೆಗಳಿಗೆ ಜಾಮೀನು ನಿಲ್ಲುವುದು ಒಂದೇ ಸಿಸಿಎ. ಎರಡು ರಾಜ್ಯಗಳ ತಂತ್ರಾಂಶ ಬೇರೆ, ಭಾಷೆ ಬೇರೆ, ಜಾಲತಾಣ ಬೇರೆ. ಸಹಿಗಳ ಬೇರು ಮಾತ್ರ ಒಂದೇ ಕಡೆ ಕೂಡುತ್ತದೆ. ಅಂದಮೇಲೆ ಆಂಧ್ರದ ಸಹಿಯನ್ನು ಪರೀಕ್ಷಿಸಲು ಕರ್ನಾಟಕದ ಗುಮಾಸ್ತರು ಆಂಧ್ರದ ಯಾರನ್ನೂ ಕೇಳಬೇಕಿಲ್ಲ.

ಡಿಜಿಟಲ್ ಸಹಿ ಎಂದ ಕೂಡಲೇ ಸ್ಕ್ಯಾನ್ ಮಾಡಿ ಅಂಟಿಸಿದ ರುಜುವಿನ ಚಿತ್ರ ನೆನಪಾಗುವವರೇ ಹೆಚ್ಚು. ಈ ಸೀಮೆಯ ಹಳೆಯ ದಸ್ತಾವೇಜುಗಳನ್ನು ನೆನೆದರೆ ವ್ಯತ್ಯಾಸ ಸುಲಭವಾಗಿ ಹೊಳೆಯುತ್ತದೆ. ಸಂಗಮ ವಂಶದ ವಿಜಯನಗರ ಅರಸರ ತಾಮ್ರಶಾಸನಗಳಲ್ಲಿ ಒಕ್ಕಣೆ ಸಂಸ್ಕೃತದಲ್ಲಿ, ಲಿಪಿ ನಂದಿನಾಗರಿ. ಕೊನೆಯಲ್ಲಿ ಅರಸನ ಒಪ್ಪವಾಗಿ ಕನ್ನಡ ಅಕ್ಷರಗಳಲ್ಲಿ ಶ್ರೀ ವಿರೂಪಾಕ್ಷ ಎಂದಿರುತ್ತದೆ. ಯಾವ ಊರನ್ನು ದತ್ತಿ ಕೊಟ್ಟರೂ ಒಪ್ಪ ಅದೇ ಐದು ಅಕ್ಷರ. ಒಂದನ್ನು ನೋಡಿದ ಅಕ್ಕಸಾಲಿಗ ಇನ್ನೊಂದನ್ನು ಕೊರೆಯಬಲ್ಲ. ಅದಕ್ಕಿಂತ ಜಾಣತನದ ಏರ್ಪಾಡು ಅದಕ್ಕೂ ಹಿಂದಿನ ತಾಮ್ರಪಟಗಳಲ್ಲಿತ್ತು: ತಗಡುಗಳಿಗೆ ತೂತು ಕೊರೆದು, ಉಂಗುರ ಪೋಣಿಸಿ, ಉಂಗುರದ ಎರಡೂ ತುದಿಗಳನ್ನು ರಾಜಮುದ್ರೆಯೊಳಗೆ ಬೆಸೆಯುತ್ತಿದ್ದರು. ಚಾಲುಕ್ಯರದಾದರೆ ವರಾಹ, ರಾಷ್ಟ್ರಕೂಟರದಾದರೆ ಗರುಡ. ನಡುವೆ ಒಂದು ತಗಡು ತೂರಿಸಬೇಕಾದರೆ ಉಂಗುರ ಕತ್ತರಿಸಬೇಕು, ಕತ್ತರಿಸಿದರೆ ಗುರುತು ಉಳಿಯುತ್ತದೆ. ತಾಮ್ರಪಟ ಕೈಗೆ ಬಂದಾಗ ಉಂಗುರ ಅಖಂಡವಾಗಿತ್ತೇ, ಮೊದಲೇ ತುಂಡಾಗಿತ್ತೇ ಎಂದು ಶಾಸನತಜ್ಞರು ಬರೆದಿಡುವುದು ಈ ಕಾರಣಕ್ಕೇ. ಡಿಜಿಟಲ್ ಸಹಿ ಈ ಉಂಗುರದ ಜಾತಿಯದು, ವಿರೂಪಾಕ್ಷ ಒಪ್ಪದ ಜಾತಿಯದಲ್ಲ. ಮೊದಲು ಇಡೀ ಕಡತವನ್ನು ಲೆಕ್ಕದ ಒಂದು ಗಾಣಕ್ಕೆ ಹಾಕಿ ಹಿಂಡುತ್ತಾರೆ. ಕಡತ ಒಂದು ಪುಟದ್ದಾಗಲಿ ಸಾವಿರ ಪುಟದ್ದಾಗಲಿ, ಹೊರಬರುವುದು 256 ಬಿಟ್‌ಗಳ ಒಂದು ಸಾರಸಂಖ್ಯೆ. ತಂತ್ರಜ್ಞರು ಅದನ್ನು ಹ್ಯಾಶ್ ಎನ್ನುತ್ತಾರೆ. ಸರ್ವೆ ನಂಬರಿನ ಒಂದೇ ಅಂಕಿ ತಿದ್ದಿದರೂ ಸಾರಸಂಖ್ಯೆ ಗುರುತು ಸಿಗದಷ್ಟು ಬದಲಾಗುತ್ತದೆ. ಆ ಸಂಖ್ಯೆಯನ್ನು ಅಧಿಕಾರಿಯ ಬಳಿ ಮಾತ್ರ ಇರುವ ಖಾಸಗಿ ಕೀಲಿಯಿಂದ ಮುಚ್ಚುತ್ತಾರೆ; ಅದರ ಜೋಡಿಯಾದ ಸಾರ್ವಜನಿಕ ಕೀಲಿಯಿಂದ ಯಾರು ಬೇಕಾದರೂ ತೆರೆದು ನೋಡಬಹುದು, ಆದರೆ ಅದರಿಂದ ಮತ್ತೆ ಮುಚ್ಚಲಾಗದು. 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಇಂಥ ಜೋಡಿಕೀಲಿ ಸಾಧ್ಯ ಎಂದು ಬರೆದರು. ಮರುವರ್ಷ ರಿವೆಸ್ಟ್, ಶಮೀರ್, ಆಡಲ್‌ಮನ್ ಅದನ್ನು ಗಣಿತದಲ್ಲಿ ಕಟ್ಟಿ ತೋರಿಸಿದರು. ಹೀಗಾಗಿ ಒಬ್ಬ ಅಧಿಕಾರಿ ದಿನಕ್ಕೆ ನೂರು ಕಾಗದಗಳಿಗೆ ಸಹಿ ಹಾಕಿದರೆ ನೂರೂ ಬೇರೆ ಬೇರೆ ಸಹಿಗಳು. ಒಂದನ್ನು ಕಿತ್ತು ಇನ್ನೊಂದಕ್ಕೆ ಅಂಟಿಸಲು ಬರುವುದಿಲ್ಲ.

ಈಗ ಮೀಸೇವಾ ಕೇಂದ್ರದಲ್ಲೋ ಸೈಬರ್ ಅಂಗಡಿಯಲ್ಲೋ ಆಗುವುದನ್ನು ನೋಡಿ. ಹೀಗೆ ಸಹಿಯಾದ ಪಿಡಿಎಫ್ ಕಡತವನ್ನು ಪ್ರಿಂಟ್ ತೆಗೆಯುತ್ತಾರೆ. ಮೂಲೆಯ ಪುಟ್ಟ ಚೌಕದಲ್ಲಿ ಅಧಿಕಾರಿಯ ಹೆಸರು, ತಾರೀಖು, ಡಿಜಿಟಲಿ ಸೈನ್ಡ್ ಬೈ ಎಂಬ ಒಕ್ಕಣೆ. ಕಾಗದಕ್ಕಿಳಿದ ಕ್ಷಣವೇ ಗಣಿತ ಮುಗಿಯಿತು; ಉಳಿದದ್ದು ಚೌಕದ ಚಿತ್ರ, ಮತ್ತದೇ ವಿರೂಪಾಕ್ಷ ಒಪ್ಪ. ಅದನ್ನು ಯಾವ ಫೋಟೋ ಅಂಗಡಿಯವನೂ ಅರ್ಧ ಗಂಟೆಯಲ್ಲಿ ಬರೆದುಕೊಟ್ಟಾನು. ಅದಕ್ಕೇ ಪ್ರಿಂಟ್‌ಔಟಿನ ಮೇಲೆ ಮತ್ತೆ ಗೆಜೆಟೆಡ್ ಅಧಿಕಾರಿಯ ಹಸಿರು ಶಾಯಿ, ಮತ್ತೆ ರಬ್ಬರ್ ಸೀಲು, ಅದರ ಜೆರಾಕ್ಸು. ಒಡೆಯಲಾಗದ ಬೀಗ ಕಳಚಿಟ್ಟು ಬಾಗಿಲಿಗೆ ದಾರ ಕಟ್ಟಿದ ಹಾಗೆ. ಕಾಗದವೇ ಬೇಕು ಎನ್ನುವವರಿಗೂ ದಾರಿಯಿದೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ. 2021ರಲ್ಲಿ ಕೋಟ್ಯಂತರ ಜನರ ಕೈ ಸೇರಿದ ಕೋವಿನ್ ಲಸಿಕೆ ಪ್ರಮಾಣಪತ್ರದ ಕ್ಯುಆರ್ ಚೌಕದೊಳಗೆ ಹೆಸರು, ಡೋಸು, ತಾರೀಖುಗಳ ಜೊತೆ ಅವುಗಳ ಡಿಜಿಟಲ್ ಸಹಿಯೂ ಇತ್ತು. ಆಧಾರ್ ಮೇಲಿನ ಈಗಿನ ಕ್ಯುಆರ್ ಚೌಕವೂ ಅಂಥದ್ದೇ. ಅಲ್ಲಿ ಸಹಿ ಮುದ್ರಣವನ್ನು ದಾಟಿಯೂ ಬದುಕುತ್ತದೆ, ಏಕೆಂದರೆ ಮುದ್ರಿತವಾಗುವುದು ಸಹಿಯ ಸಂಖ್ಯೆಯೇ. ಒಳಗೆ ಬರೀ ಒಂದು ಜಾಲತಾಣದ ವಿಳಾಸ ತುಂಬಿದ ಕ್ಯುಆರ್ ಚೌಕವನ್ನು ಮಾತ್ರ ಇದರ ಜೊತೆ ಸೇರಿಸಬಾರದು. ನಕಲಿ ಕಾಗದ ಮಾಡುವವನು ತನ್ನದೇ ತಾಣದ ವಿಳಾಸ ತುಂಬಿಟ್ಟರೆ ಅದು ನಕಲಿಯನ್ನೇ ಅಸಲಿ ಎಂದು ತೋರಿಸುತ್ತದೆ.

ಕಡತವನ್ನು ಕಡತವಾಗಿಯೇ ತೆರೆದವರಿಗೆ ಇನ್ನೊಂದು ಗೊಂದಲ ಕಾದಿರುತ್ತದೆ. ಸಹಿಯ ಚೌಕದ ಮೇಲೆ ಹಸಿರು ಸರಿಗುರುತಿನ ಬದಲು ಹಳದಿ ಪ್ರಶ್ನಾರ್ಥಕ ಚಿಹ್ನೆ, ಸಹಿಯ ಸಿಂಧುತ್ವ ತಿಳಿಯದು ಎಂಬ ಮಾತು. ಕಾಗದ ನಕಲಿ ಎಂದು ಇದರ ಅರ್ಥವಲ್ಲ. ತಂತ್ರಾಂಶ ಎರಡು ಬೇರೆ ಪ್ರಶ್ನೆಗಳನ್ನು ಕೇಳಿಕೊಳ್ಳುತ್ತದೆ. ಸಹಿಯಾದ ಮೇಲೆ ಕಡತ ಬದಲಾಗಿದೆಯೇ ಎಂಬುದು ಒಂದು. ಅದಕ್ಕೆ ಉತ್ತರ ಲೆಕ್ಕದಿಂದಲೇ ಸಿಗುತ್ತದೆ. ಈ ಕೀಲಿ ನಿಜವಾಗಿಯೂ ಇಂಥವರದೇ ಎಂಬುದು ಇನ್ನೊಂದು. ಅದಕ್ಕೆ ಸಾಕ್ಷಿ ಬೇಕು, ಆ ಸಾಕ್ಷಿಗೊಬ್ಬ ಸಾಕ್ಷಿ ಬೇಕು, ಹೀಗೆ ಏರುತ್ತ ಹೋಗಿ ಎಲ್ಲೋ ಒಂದು ಕಡೆ ನಿಲ್ಲಬೇಕು. ನಿಲ್ಲುವ ಜಾಗಕ್ಕೆ ಮೂಲ ಪ್ರಮಾಣಪತ್ರ ಎಂದು ಹೆಸರು. ಯಾವ ಮೂಲಗಳನ್ನು ನಂಬಬೇಕು ಎಂಬ ಪಟ್ಟಿಯನ್ನು ತಂತ್ರಾಂಶ ತಯಾರಿಸಿದವರೇ ಒಳಗೆ ಇಟ್ಟಿರುತ್ತಾರೆ: ಮೈಕ್ರೋಸಾಫ್ಟಿನದು ಒಂದು ಪಟ್ಟಿ, ಫೈರ್‌ಫಾಕ್ಸಿನ ಮೊಜಿಲ್ಲಾದ್ದು ಇನ್ನೊಂದು, ಅಡೋಬಿಯದು ಮತ್ತೊಂದು. ಆ ಪಟ್ಟಿಯಲ್ಲಿ ಭಾರತದ ಸಿಸಿಎ ಹೆಸರಿಲ್ಲದಿದ್ದರೆ ತಹಶೀಲ್ದಾರರ ಸಹಿ ಎಷ್ಟೇ ಚೊಕ್ಕವಾಗಿದ್ದರೂ ಪ್ರಶ್ನಾರ್ಥಕ ಚಿಹ್ನೆಯೇ ಗತಿ. ಇದಕ್ಕೆ ಪರಿಹಾರವೆಂದು ಆಧಾರ್ ಪ್ರಾಧಿಕಾರ ತನ್ನ ಪ್ರಶ್ನೋತ್ತರ ಪುಟದಲ್ಲಿ ಬಹುಕಾಲ ಇಟ್ಟಿದ್ದ ಸೂಚನೆ ಓದಿದರೆ ಸಣ್ಣಗೆ ಬೆವರು ಬರುತ್ತದೆ. ಇ-ಆಧಾರ್ ಕಡತ ತೆರೆಯಿರಿ, ಪ್ರಶ್ನಾರ್ಥಕ ಚಿಹ್ನೆ ಒತ್ತಿ, ಒಳಗೆ ಸಿಸಿಎಯ ಕೆಳಗಿನ ಸರ್ಕಾರಿ ಗಣಕ ಸಂಸ್ಥೆ ಎನ್‌ಐಸಿಯ 2011ರ ಉಪಪ್ರಮಾಣಪತ್ರದ ಹೆಸರು ಕಾಣುತ್ತದೆಯೇ ನೋಡಿ, ಅದನ್ನು ನಂಬಿಗಸ್ತರ ಪಟ್ಟಿಗೆ ಸೇರಿಸಿ, ಭದ್ರತೆಯ ಬಗ್ಗೆ ಏನೇ ಪ್ರಶ್ನೆ ಬಂದರೂ ಸರಿ ಎಂದೇ ಒತ್ತಿ, ಇದನ್ನೇ ಮೂಲವಾಗಿ ನಂಬು ಎಂದು ಗುರುತು ಹಾಕಿ ಎಂಬುದು ಅದರ ಸಾರ. ಬಾಗಿಲು ತಟ್ಟಿದವನ ಜೇಬಿನಿಂದಲೇ ಗುರುತಿನ ಚೀಟಿ ತೆಗೆದು, ಅದರ ಮೇಲಿನ ಹೆಸರು ಓದಿ, ಒಳಗೆ ಬಾ ಎಂದಂತೆ ಇದು. ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಎನ್‌ಐಸಿ ಎಂಬ ಹೆಸರಿನಲ್ಲಿ ತಾನೇ ಒಂದು ಪ್ರಮಾಣಪತ್ರ ಹುಟ್ಟಿಸಿಕೊಳ್ಳಲು ವಂಚಕನಿಗೆ ಒಂದು ನಿಮಿಷ ಸಾಕು. ಕಡತದೊಳಗಿನ ಸಾಕ್ಷಿಯಿಂದ ಕಡತವನ್ನು ನಂಬುವುದು ಪರೀಕ್ಷೆಯೇ ಅಲ್ಲ. ಸಾಕ್ಷಿ ಹೊರಗಿನಿಂದ ಬರಬೇಕು. ಸಿಸಿಎಯ ಅಧಿಕೃತ ತಾಣದಿಂದ ಮೂಲ ಪ್ರಮಾಣಪತ್ರವನ್ನು ತಂದು, ಅದರ ಬೆರಳಗುರುತಿನ ಸಂಖ್ಯೆಯನ್ನು ಇನ್ನೊಂದು ದಾರಿಯಿಂದ ಬಂದ ಸಂಖ್ಯೆಯ ಜೊತೆ ತಾಳೆ ನೋಡಿ, ಒಮ್ಮೆ ಗಣಕಯಂತ್ರದಲ್ಲಿ ನೆಟ್ಟರೆ ಮುಗಿಯಿತು. ಆಮೇಲೆ ರಾಯದುರ್ಗದಿಂದ ಬಂದರೂ ಬೀದರಿನಿಂದ ಬಂದರೂ ಒಂದೇ ಅಳತೆ.

ಮೂಲವೇ ಕೆಟ್ಟರೆ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ, ಏಕೆಂದರೆ ನಮ್ಮ ದೇಶದಲ್ಲೇ ಮೂಲಕ್ಕೆ ಹತ್ತಿದ ಕೊಂಡಿ ಕೆಟ್ಟಿದೆ. 2014ರ ಜೂನ್ ಕೊನೆಯಲ್ಲಿ ಎನ್‌ಐಸಿಯ ಹೆಸರಿನಲ್ಲಿ ಗೂಗಲ್ ಮತ್ತು ಯಾಹೂ ತಾಣಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಟವು. ಜುಲೈ 2ರಂದು ಗೂಗಲ್ ಪತ್ತೆ ಹಚ್ಚಿತು. ಮರುದಿನ ಸಿಸಿಎ ಎನ್‌ಐಸಿಯ ಪ್ರಮಾಣಪತ್ರಗಳನ್ನೇ ರದ್ದು ಮಾಡಿತು. ತಪ್ಪಾಗಿ ಹೊರಟದ್ದು ನಾಲ್ಕೇ ಎಂದು ಸಿಸಿಎ ಹೇಳಿತು. ಆ ನಾಲ್ಕರಲ್ಲಿಲ್ಲದವೂ ತನ್ನ ಕಣ್ಣಿಗೆ ಬಿದ್ದಿವೆ ಎಂದಿತು ಗೂಗಲ್. ಆ ಬಳಿಕ ಕ್ರೋಮ್ ಬ್ರೌಸರ್ ಭಾರತದ ಮೂಲವನ್ನು ಗವ್ ಡಾಟ್ ಇನ್, ಎನ್‌ಐಸಿ ಡಾಟ್ ಇನ್‌ನಂಥ ಕೆಲವೇ ವಿಳಾಸಗಳಿಗೆ ಸೀಮಿತಗೊಳಿಸಿತು. ಈಗ ಹಿಂದಿನ ಮಾತಿಗೆ ಇದನ್ನು ಜೋಡಿಸಿ ನೋಡಿ. ಸಿಸಿಎಯನ್ನು ಮೂಲವಾಗಿ ಇಟ್ಟುಕೊಂಡ ಯಂತ್ರಕ್ಕೆ ರದ್ದಾದ ಸುದ್ದಿ ತಲುಪುವ ದಾರಿಯಿತ್ತು. ಪ್ರಶ್ನೋತ್ತರ ಪುಟದ ಮಾತು ಕೇಳಿ ಎನ್‌ಐಸಿಯ ಉಪಪ್ರಮಾಣಪತ್ರವನ್ನೇ ಮೂಲವೆಂದು ನೆಟ್ಟುಕೊಂಡವರ ಯಂತ್ರ ಮೇಲಕ್ಕೆ ನೋಡುವುದನ್ನೇ ಬಿಟ್ಟಿತ್ತು. ಮೂಲ ಎಂದಮೇಲೆ ಅದನ್ನು ರದ್ದು ಮಾಡುವವರು ಯಾರು? ನೆದರ್ಲೆಂಡ್ಸಿನ ಡಿಜಿನೋಟಾರ್ ಸಂಸ್ಥೆಗೆ 2011ರಲ್ಲಿ ಕನ್ನ ಬಿದ್ದಾಗ ಐನೂರಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರಗಳು ಹೊರಬಂದು, ಇರಾನಿನ ಜನರ ಜಿಮೇಲ್ ಕದ್ದೋದಲು ಬಳಕೆಯಾದವು. ಬ್ರೌಸರುಗಳು ಅದರ ಹೆಸರನ್ನು ಪಟ್ಟಿಯಿಂದ ಕಿತ್ತವು, ಸಂಸ್ಥೆ ಅದೇ ಸೆಪ್ಟೆಂಬರಿನಲ್ಲಿ ದಿವಾಳಿಯಾಯಿತು. ಈ ಪ್ರಕರಣಗಳಿಂದ ಸಹಿಯ ಏರ್ಪಾಡೇ ಟೊಳ್ಳು ಎಂದು ತೀರ್ಮಾನಿಸುವುದು ಅವಸರ. ಎರಡರಲ್ಲೂ ತಪ್ಪು ಹೊರಬಿತ್ತು, ರದ್ದತಿ ನಡೆಯಿತು, ಯಾರ ಹೊಣೆ ಎಂಬುದು ಎಲ್ಲರಿಗೂ ತಿಳಿಯಿತು. ಹಸಿರು ಶಾಯಿಯ ದೃಢೀಕರಣದಲ್ಲಿ ಕಳ್ಳ ಸೀಲು ಎಷ್ಟು ಕಾಗದಗಳ ಮೇಲೆ ಬಿದ್ದಿದೆ ಎಂದು ಲೆಕ್ಕ ಹಾಕುವುದಕ್ಕೆ ದಾರಿಯೇ ಇಲ್ಲ. ಇಷ್ಟಾದರೂ ಭಾರತದ ಮೂಲವನ್ನು ವಿದೇಶಿ ಕಂಪನಿಗಳು ಬೇಕೆಂದೇ ಹೊರಗಿಟ್ಟಿವೆ ಎಂಬ ಗೊಣಗು ನಿಂತಿಲ್ಲ. ಕೇಂದ್ರ ಸರ್ಕಾರ 2023ರ ಆಗಸ್ಟಿನಲ್ಲಿ ಸಿಸಿಎ ಮತ್ತು ಬೆಂಗಳೂರಿನ ಸಿ-ಡ್ಯಾಕ್ ಮೂಲಕ ದೇಶಿ ಬ್ರೌಸರ್ ಸ್ಪರ್ಧೆ ಏರ್ಪಡಿಸಿದಾಗ ಸಿಸಿಎ ಮೂಲವನ್ನು ಒಳಗೊಂಡ ಪಟ್ಟಿ ಅದರಲ್ಲಿರಬೇಕೆಂದು ಕೇಳಿದ್ದು ಆ ಗೊಣಗಿಗೆ ಉತ್ತರವಾಗಿಯೇ. ನಮ್ಮದೇ ಬ್ರೌಸರ್ ಇರಲಿ, ಒಳ್ಳೆಯದೇ. ಆದರೆ ಪಟ್ಟಿಯಲ್ಲಿನ ಜಾಗ ಅಭಿಮಾನದಿಂದ ಸಿಗುವುದಲ್ಲ, ಲೆಕ್ಕ ಒಪ್ಪಿಸಿ ಗಳಿಸುವುದು.

ತಂತ್ರಾಂಶವೇ ಸುಳ್ಳು ಹೇಳಿದರೆ? ಇದು ಮೂಲ ಕೆಡುವುದಕ್ಕಿಂತ ಸೂಕ್ಷ್ಮವಾದ ಆಕ್ಷೇಪ. ಜರ್ಮನಿಯ ಬೋಹುಮ್ ನಗರದ ರೂರ್ ವಿಶ್ವವಿದ್ಯಾಲಯದ ಸಂಶೋಧಕರು 2019ರ ಫೆಬ್ರವರಿಯಲ್ಲಿ ಹೊರಗೆಡವಿದ ಸಂಗತಿ ಪಿಡಿಎಫ್ ನಂಬಿದವರ ಎದೆ ನಡುಗಿಸುವಂಥದ್ದು: ಅವರು ಪರೀಕ್ಷಿಸಿದ 22 ಪಿಡಿಎಫ್ ಓದುಗ ತಂತ್ರಾಂಶಗಳಲ್ಲಿ 21, ಆನ್‌ಲೈನಿನಲ್ಲಿ ಸಹಿ ಪರೀಕ್ಷಿಸಿಕೊಡುವ 7 ಸೇವೆಗಳಲ್ಲಿ 5, ತಿದ್ದಿದ ಕಡತಕ್ಕೂ ಸಹಿ ಸರಿಯಿದೆ ಎಂದವು. ಗಣಿತವನ್ನು ಅವರು ಮುರಿದಿರಲಿಲ್ಲ. ಪಿಡಿಎಫ್ ಕಡತದಲ್ಲಿ ಸಹಿ ಇಷ್ಟನೇ ಬೈಟಿನಿಂದ ಇಷ್ಟನೆಯದರವರೆಗೆ ಅನ್ವಯ ಎಂದು ಬರೆದಿರುತ್ತದೆ. ಕಡತದ ಬಾಲಕ್ಕೆ ಆಮೇಲೆ ಹೊಸ ಭಾಗ ಸೇರಿಸಲು ಪಿಡಿಎಫ್ ನಿಯಮವೇ ಅವಕಾಶ ಕೊಡುತ್ತದೆ. ಸಹಿಯಾದ ಭಾಗವನ್ನು ಹಾಗೇ ಬಿಟ್ಟು, ಬಾಲದಲ್ಲಿ ಬೇರೆ ಪುಟ ಜೋಡಿಸಿ, ಪರದೆಯ ಮೇಲೆ ಅದೇ ಕಾಣುವಂತೆ ಮಾಡಿದರು. ಉಂಗುರ ಕತ್ತರಿಸದೆ ಹೊರಗಿನಿಂದ ಒಂದು ತಗಡು ಅಂಟಿಸಿದಂತೆ. ನೋಡುವವನು ಉಂಗುರ ಮಾತ್ರ ನೋಡಿದರೆ ಮೋಸ ಹೋಗುತ್ತಾನೆ. ಇಂಥದ್ದು ಪಿಡಿಎಫ್‌ಗಷ್ಟೇ ಅಂಟಿದ ರೋಗವಲ್ಲ. 2014ರ ಫೆಬ್ರವರಿಯಲ್ಲಿ ಆ್ಯಪಲ್ ಸರಿಪಡಿಸಿದ ದೋಷದಲ್ಲಿ, ತಪ್ಪಿ ಎರಡು ಸಲ ಬಿದ್ದಿದ್ದ ಒಂದೇ ಸಾಲಿನಿಂದಾಗಿ ಸಹಿ ಪರೀಕ್ಷೆಯ ಕೊನೆಯ ಹಂತ ನಡೆಯುತ್ತಲೇ ಇರಲಿಲ್ಲ. 2020ರ ಜನವರಿ 14ರಂದು ಮೈಕ್ರೋಸಾಫ್ಟ್ ಮುಚ್ಚಿದ ತೂತು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ತೋರಿಸಿಕೊಟ್ಟದ್ದು. ಅದರಲ್ಲಿ ಹುಸಿ ಮೂಲವನ್ನೂ ವಿಂಡೋಸ್ ನಿಜವೆಂದು ಒಪ್ಪುತ್ತಿತ್ತು. ಈ ಮೂರೂ ಕಥೆಗಳಲ್ಲಿ ಬೀಗ ಗಟ್ಟಿ, ಬೀಗ ನೋಡುವ ಕಾವಲುಗಾರ ತೂಕಡಿಸಿದ. ಹಾಗಾಗಿ ಹಳೆಯ ತಂತ್ರಾಂಶದಲ್ಲಿ ಸಹಿ ನೋಡುವುದು ನೋಡದಿರುವುದಕ್ಕಿಂತ ಹೆಚ್ಚಿನದೇನಲ್ಲ. ಸರ್ಕಾರಿ ಕಚೇರಿಗಳಲ್ಲಿ ಹತ್ತು ವರ್ಷದ ಹಿಂದೆ ಹಾಕಿದ ಪಿಡಿಎಫ್ ರೀಡರೇ ಇಂದಿಗೂ ಓಡುತ್ತಿದ್ದರೆ ಅಪಾಯ ಅಲ್ಲಿದೆ, ರೈತನ ಕಡತದಲ್ಲಲ್ಲ.

ಕೀಲಿ ಯಾರದು ಎಂಬ ಹಿಂದಿನ ಗೊಂದಲ ಮೊಬೈಲಿನಲ್ಲಿ ಬೇರೆ ವೇಷದಲ್ಲಿದೆ. ಸಬ್ಸಿಡಿ ಹಣ, ಬ್ಯಾಂಕ್ ಕೆವೈಸಿ, ವಾಹನದ ದಂಡ ಎಂದು ವಾಟ್ಸ್‌ಆ್ಯಪಿನಲ್ಲಿ ಬರುವ ಎಪಿಕೆ ಕಡತಗಳಿಗೂ ಡಿಜಿಟಲ್ ಸಹಿ ಇರುತ್ತದೆ. ಸಹಿಯಿಲ್ಲದ ಆ್ಯಪನ್ನು ಆಂಡ್ರಾಯ್ಡ್ ಒಳಗೇ ಬಿಡುವುದಿಲ್ಲ. ಆದರೆ ಅಲ್ಲಿ ತನ್ನ ಸಹಿಗೆ ತಾನೇ ಜಾಮೀನು ನಿಂತರೆ ಸಾಕು. ಆ ಸಹಿ ಹೇಳುವುದು, ಮುಂದಿನ ಆವೃತ್ತಿಯೂ ಇದೇ ಕೈಯಿಂದ ಬಂದದ್ದು ಎಂದಷ್ಟೇ. ಆ ಕೈ ಬ್ಯಾಂಕಿನದೋ ಕಳ್ಳನದೋ ಎಂಬುದಕ್ಕೆ ಉತ್ತರ ಅಲ್ಲಿಲ್ಲ.

ಇಷ್ಟೆಲ್ಲ ತಾಪತ್ರಯ ಏಕೆ, ಕಾಗದದ ಮೇಲಿನ ಸಂಖ್ಯೆಯನ್ನು ಆಯಾ ರಾಜ್ಯದ ತಾಣದಲ್ಲಿ ಹಾಕಿ ನೋಡಿದರೆ ಸಾಲದೇ ಎನ್ನುವವರ ಮಾತಿನಲ್ಲಿ ಹುರುಳಿದೆ. ಮೀಸೇವಾ ಪತ್ರಕ್ಕೆ ಅರ್ಜಿ ಸಂಖ್ಯೆ ಇದೆ, ನಾಡಕಚೇರಿಯದಕ್ಕೆ ಆರ್‌ಡಿ ಸಂಖ್ಯೆ ಇದೆ. ಎರಡೂ ಉಪಯುಕ್ತ. ಕೊಟ್ಟ ಮೇಲೆ ಪತ್ರ ರದ್ದಾಗಿದೆಯೇ ಎಂಬುದು ತಾಣಕ್ಕೆ ಗೊತ್ತಿರುತ್ತದೆ, ಕಡತದೊಳಗಿನ ಸಹಿಗೆ ಗೊತ್ತಿರುವುದಿಲ್ಲ. ಇದು ಸಂಖ್ಯೆ ಪದ್ಧತಿಯ ದೊಡ್ಡ ಅನುಕೂಲ. ಆದರೆ ಆ ಪದ್ಧತಿ ರಾಜ್ಯದ ಗಡಿಯಲ್ಲಿ ನಿಂತುಬಿಡುತ್ತದೆ. ಕರ್ನಾಟಕದ ಪ್ರವೇಶ ವ್ಯವಸ್ಥೆ ಆರ್‌ಡಿ ಸಂಖ್ಯೆ ಇದ್ದವರನ್ನು ಕ್ಷಣದಲ್ಲಿ ದಾಟಿಸುತ್ತದೆ, ಇಲ್ಲದವರನ್ನು ಮೂಲ ದಾಖಲೆ ಹಿಡಿದುಕೊಂಡು ಬಾ ಎನ್ನುತ್ತದೆ. ಒಂದು ರಾಜ್ಯದ ತಂತ್ರಾಂಶ ಇನ್ನೊಂದರ ದತ್ತಾಂಶವನ್ನು ಕೇಳಬೇಕಾದರೆ ಎರಡು ಸರ್ಕಾರಗಳ ನಡುವೆ ಒಪ್ಪಂದ ಆಗಬೇಕು, ಅದಕ್ಕೆ ಕಡತ ಓಡಾಡಬೇಕು, ತಾಣದ ವಿಳಾಸ ಬದಲಾದಾಗಲೆಲ್ಲ ಮತ್ತೆ ಜೋಡಿಸಬೇಕು. ರಾಜ್ಯ ಒಡೆದಾಗ, ಇಲಾಖೆಯ ತಾಣ ಸ್ಥಳಾಂತರವಾದಾಗ ಹಳೆಯ ಸಂಖ್ಯೆಗಳ ಗತಿ ಏನೆಂದು ಕೇಳುವವರಿಲ್ಲ. 2014ರ ಜೂನಿನಲ್ಲಿ ಆಂಧ್ರ ಎರಡಾಗಿದೆ. ಈ ಪ್ರಶ್ನೆ ಕಲ್ಪನೆಯದಲ್ಲ. ಸಹಿಯಾದರೆ ಕೊಟ್ಟವರ ಸರ್ವರ್ ಮಲಗಿದ್ದರೂ ಪರೀಕ್ಷೆಗೆ ನಿಲ್ಲುತ್ತದೆ. ಡಿಜಿಟಲ್ ದಾಖಲೆಗಳ ಸರ್ಕಾರಿ ಪೆಟ್ಟಿಗೆಯಾದ ಡಿಜಿಲಾಕರ್ 2015ರಲ್ಲಿ ಶುರುವಾಯಿತು; 2017ರ ನಿಯಮ ತಿದ್ದುಪಡಿಯಿಂದ ಅದರ ಮೂಲಕ ಇಲಾಖೆಗಳು ನೀಡಿದ ದಾಖಲೆಗಳಿಗೆ ಮೂಲ ದಾಖಲೆಯ ಸ್ಥಾನ ಸಿಕ್ಕಿತು. ಅಲ್ಲಿಗೆ ಗಡಿಯ ಸಮಸ್ಯೆ ಕಾನೂನಿನ ಮಟ್ಟದಲ್ಲಿ ಬಗೆಹರಿದಂತೆಯೇ. ಮೇಜಿನ ಮಟ್ಟದಲ್ಲಿ ಪ್ರಿಂಟ್ ತನ್ನಿ ಎಂಬ ಮಾತು ಮಾತ್ರ ಉಳಿದುಕೊಂಡಿದೆ.

ಸಹಿ ಸರಿಯಿದ್ದರೆ ಒಳಗಿನ ಸಂಗತಿಯೂ ಸರಿ ಎಂದು ಭಾವಿಸುವುದು ಇನ್ನೊಂದು ತಪ್ಪು, ಮತ್ತು ಇದನ್ನು ಸಹಿಯ ಪಕ್ಷಪಾತಿಗಳೇ ಹೆಚ್ಚು ಮಾಡುತ್ತಾರೆ. ಅಡಂಗಲ್‌ನಲ್ಲಿ ಉಳುವವನ ಹೆಸರು ತಪ್ಪಾಗಿ ಕೂತಿದ್ದರೆ ಡಿಜಿಟಲ್ ಸಹಿ ಆ ತಪ್ಪನ್ನೇ ಭದ್ರವಾಗಿ ಕಾಪಾಡುತ್ತದೆ. ಸಹಿ ಹೇಳುವುದು ಇಂಥವರ ಕೀಲಿ ಇಂಥ ಕಡತದ ಮೇಲೆ ಬಿತ್ತು ಎಂದು, ಅಷ್ಟೇ. ಅವರ ಕೈಯಿಂದಲೇ ಬಿತ್ತೇ ಎಂಬುದೂ ಅದಕ್ಕೆ ಗೊತ್ತಿಲ್ಲ. ಕಾಯ್ದೆಯ 42ನೇ ಸೆಕ್ಷನ್ ಖಾಸಗಿ ಕೀಲಿಯನ್ನು ಜೋಪಾನ ಮಾಡುವ ಹೊಣೆಯನ್ನು ಕೀಲಿದಾರರ ಮೇಲೆ ಹೊರಿಸಿದೆ. ಆ ಕೀಲಿ ಇರುವುದು ಬೆರಳುದ್ದದ ಒಂದು ಡಾಂಗಲ್‌ನಲ್ಲಿ. ಸಾಹೇಬರು ಸಭೆಗೆ ಹೋಗುವಾಗ ಅದನ್ನು ಆಪರೇಟರ್ ಕೈಗೆ, ಪಾಸ್‌ವರ್ಡ್ ಸಮೇತ, ಕೊಟ್ಟುಹೋದರೆ ಗಣಿತಕ್ಕೆ ಮಾಡಲು ಏನೂ ಉಳಿದಿಲ್ಲ. ಇದೇನೂ ಹೊಸ ಕೇಡಲ್ಲ. ಶಾಸನತಜ್ಞ ಫ್ಲೀಟ್ 1901ರಲ್ಲಿ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಕೂಟಶಾಸನಗಳ, ಅಂದರೆ ಖೋಟಾ ಶಾಸನಗಳ, ಒಂದು ಪಟ್ಟಿಯನ್ನೇ ಪ್ರಕಟಿಸಿದ, ಅದರಲ್ಲಿ ಕನ್ನಡ ನಾಡಿನವು ಕಡಿಮೆಯೇನಿಲ್ಲ. ಹರ್ಷವರ್ಧನನ ಮಧುಬನ್ ತಾಮ್ರಪಟದಲ್ಲಿ ಕೂಟಶಾಸನ ಹಿಡಿದು ಊರನ್ನು ಅನುಭವಿಸುತ್ತಿದ್ದವನ ತಗಡನ್ನು ಅರಸ ಮುರಿಸಿ, ಆ ಊರನ್ನು ಬೇರೆಯವರಿಗೆ ಕೊಟ್ಟ ಸಂಗತಿಯಿದೆ. ಏಳನೆಯ ಶತಮಾನದ ರದ್ದತಿ ಪ್ರಕಟಣೆ ಎನ್ನಬಹುದು. ಕೊಂಚ ತಡವಾಗಿಯಾದರೂ ಯಾರೋ ಪರೀಕ್ಷಿಸಿದರು ಎಂಬುದು ಅಲ್ಲಿನ ವಿಶೇಷ.

ಇದನ್ನೆಲ್ಲ ರೈತನೋ ವಿದ್ಯಾರ್ಥಿಯೋ ಮಾಡಬೇಕೆಂದು ಕೇಳುವುದು ಅನ್ಯಾಯ. ಆ ಆಕ್ಷೇಪ ಒಪ್ಪುತ್ತೇನೆ. ಕಾಗದ ಕೊಡುವವನು ತನ್ನ ಕಾಗದವನ್ನು ತಾನೇ ಪರೀಕ್ಷಿಸಿ ತೋರಿಸುವುದರಲ್ಲಿ ಅರ್ಥವೂ ಇಲ್ಲ, ಏಕೆಂದರೆ ಅವನ ಪರದೆಯ ಹಸಿರು ಗುರುತು ಅವನ ಯಂತ್ರದ ಅಭಿಪ್ರಾಯ. ಪರೀಕ್ಷೆ ತೆಗೆದುಕೊಳ್ಳುವ ಮೇಜಿನದು. ಬಳ್ಳಾರಿ, ಮೊಳಕಾಲ್ಮೂರು, ಪಾವಗಡ, ಶಿರಾ, ಮಧುಗಿರಿಗಳ ಕಚೇರಿ, ಬ್ಯಾಂಕು, ಕಾಲೇಜುಗಳಲ್ಲಿ, ಪ್ರವೇಶ ನೋಡುವ ಬೆಂಗಳೂರಿನ ಮೇಜಿನಲ್ಲಿ, ಪ್ರಿಂಟಿನ ಬದಲು ಕಡತವನ್ನೇ ಪಡೆಯುವ ಒಂದು ವಿಳಾಸ, ಇತ್ತೀಚಿನ ತಂತ್ರಾಂಶ ಇರುವ ಒಂದು ಯಂತ್ರ, ಅದರಲ್ಲಿ ಜಿಲ್ಲಾ ಮಟ್ಟದ ತಂತ್ರಜ್ಞರು ಒಮ್ಮೆ ನೆಟ್ಟ ಸಿಸಿಎ ಮೂಲ ಇದ್ದರೆ ಕೆಲಸ ನಡೆಯುತ್ತದೆ. ಹೊಸ ಕಾಯ್ದೆ ಬೇಡ, ರಾಜ್ಯ ರಾಜ್ಯಗಳ ಒಪ್ಪಂದ ಬೇಡ. ಬಗೆಹರಿಯದೆ ಉಳಿಯುವುದು ಕಾಲದ ಪ್ರಶ್ನೆ. ಅಧಿಕಾರಿಯ ಪ್ರಮಾಣಪತ್ರದ ಆಯಸ್ಸು ಎರಡು ಮೂರು ವರ್ಷ. ಹೊಲದ ಪಾಲಿನ ವ್ಯಾಜ್ಯ ಕೋರ್ಟಿಗೆ ಬರುವುದು ಮೂವತ್ತು ವರ್ಷಕ್ಕೆ. ಸಹಿ ಬಿದ್ದ ಹೊತ್ತನ್ನು ಮೂರನೆಯವರಿಂದ ದೃಢಪಡಿಸಿ, ಆ ಹೊತ್ತಿನ ರದ್ದತಿ ಪಟ್ಟಿಯನ್ನೂ ಕಡತದೊಳಗೇ ಸೇರಿಸಿಡುವ ಕ್ರಮ ಪಿಡಿಎಫ್‌ನಲ್ಲಿ ಇದೆ. ಇಂದು ರಾಯದುರ್ಗದಲ್ಲಿ ಕೊಡುವ ಒನ್-ಬಿ ಹಾಗೆ ಸಿದ್ಧವಾಗದಿದ್ದರೆ ಅಂದಿನ ಯಂತ್ರ ಅದರ ಮೇಲೆ ಪ್ರಶ್ನಾರ್ಥಕ ಚಿಹ್ನೆಯನ್ನೇ ಹಾಕುತ್ತದೆ. ಮಡಕಶಿರದ ಪಕ್ಕದ ಹೇಮಾವತಿಯಲ್ಲಿ, ಹೆಂಜೇರು ಎಂಬ ಹೆಸರಿನಲ್ಲಿ ಅದು ನೊಳಂಬರ ರಾಜಧಾನಿಯಾಗಿದ್ದಾಗ ಬರೆಸಿದ ಕಲ್ಲುಗಳನ್ನು ಸಾವಿರ ವರ್ಷದ ಮೇಲೂ ಓದಲಾಗುತ್ತಿದೆ.